ಕಡವಿನ ಹುಡುಗಿಯ ಸಿನೆಮಾ

ನನ್ನ ತಮ್ಮ ಕಮಲಾಕ್ಷನಿಗೆ ಸಿನೆಮಾದ ಹುಚ್ಚು. ಮದ್ರಾಸಿನಲ್ಲಿ ಯಾರ್ಯಾರದೋ ಕ್ಯಾಮೆರಾ ಹೊತ್ತು ಮೂಡಬಿದಿರೆಗೆ ಮರಳಿದವನು, "ಅಕ್ಕ, ಅಲ್ಲಿ ನದಿ ಬೇಕಾದರೆ ತೊಟ್ಟಿಯಲ್ಲಿ ನೀರು ತುಂಬಿಸ್ತಾರೆ. ನಮಗೆ ನೇತ್ರಾವತಿಯೇ ಉಂಟಲ್ಲ" ಎಂದ. ನದಿ ಇದ್ದರೆ ಸಾಕೆಂದಾದರೆ ನಮ್ಮೂರಿನ ಎಮ್ಮೆಗಳೂ ಸಿನೆಮಾ ತೆಗೆಯಬಹುದು ಎಂದು ನಾನು ನಕ್ಕೆ. ಶಾಲೆಯ ಟೀಚರಲ್ಲವೇ, ನನಗೆ ನಾಲಿಗೆ ಸ್ವಲ್ಪ ಉದ್ದ. ಆದರೆ ಸರಕಾರ ಅವನನ್ನು ನಂಬಿತು. ಕನ್ನಡದಲ್ಲಿ ಒಳ್ಳೆಯ ಚಿತ್ರಗಳು ಬರಬೇಕೆಂದು ಸಹಾಯಧನ ಮಂಜೂರು ಮಾಡಿ ಅರ್ಧ ಮೊದಲೇ ಕೊಟ್ಟಿತು. ಉಳಿದರ್ಧ ಶೂಟಿಂಗ್ ಮುಗಿದ ಮೇಲೆ ಎಂದಿತು.

ಅರವತ್ತೆರಡರ ಬೇಸಿಗೆಯಲ್ಲಿ ಬಂಟ್ವಾಳದ ದೋಣಿ ಕಡವಿನಲ್ಲಿ ಶೂಟಿಂಗ್ ನಡೆಯಿತು. ಜನರನ್ನು ಹೊಳೆ ದಾಟಿಸುವ ಹುಡುಗಿಯೊಬ್ಬಳ ಕತೆ. ಮದ್ರಾಸಿನಿಂದ ಬಂದ ನಟಿ ಹುಟ್ಟು ಹಾಕಿದರೆ ದೋಣಿ ಇದ್ದಲ್ಲೇ ಬುಗುರಿಯಂತೆ ತಿರುಗಿತು. ಆಕೆ ಮರುದಿನವೇ ರೈಲು ಹತ್ತಿದಳು. ಕೊನೆಗೆ ಆ ಕಡವಿನಲ್ಲಿ ನಿಜವಾಗಿ ದೋಣಿ ನಡೆಸುತ್ತಿದ್ದ ಜಲಜಾಕ್ಷಿಯನ್ನೇ ನಿಲ್ಲಿಸಿದರು. ಅಪ್ಪ ಚನಿಯಪ್ಪ ತೀರಿಕೊಂಡ ಮೇಲೆ ಹುಟ್ಟು ಅವಳ ಕೈಗೆ ಬಂದಿತ್ತು. ಹದಿನಾರರ ಹುಡುಗಿ, ಎಣ್ಣೆಗಪ್ಪು ಕೂದಲು, ಕ್ಯಾಮೆರಾಕ್ಕೂ ಹೆದರದೆ ನಗುವವಳು. ತಾಯಿ ಸೇಸಮ್ಮ ದಡದಲ್ಲಿ ಕೂತು, "ಇವಳನ್ನು ಟಾಕೀಸಿನಲ್ಲಿ ತೋರಿಸ್ತೀರಾ?" ಎಂದು ಎಲ್ಲರನ್ನೂ ಕೇಳುತ್ತಿದ್ದಳು. "ಮೊದಲ ಆಟಕ್ಕೆ ಮುಂದಿನ ಕುರ್ಚಿ ನಿಮ್ಮದೇ" ಎಂದ ನನ್ನ ತಮ್ಮ.

ಆ ಮಳೆಗಾಲದ ಆಟಿ ತಿಂಗಳಲ್ಲೇ ಜಲಜಾಕ್ಷಿ ವಿಷಮಜ್ವರದಿಂದ ತೀರಿಕೊಂಡಳು. ಅವಳದ್ದೊಂದು ಫೋಟೊ ಕೂಡ ಆ ಮನೆಯಲ್ಲಿರಲಿಲ್ಲ. ಅವಳು ಉಳಿದದ್ದು ಕಮಲಾಕ್ಷನ ಸಿನೆಮಾದಲ್ಲಿ ಮಾತ್ರ.

ಮದ್ರಾಸಿನ ಲ್ಯಾಬಿನಲ್ಲಿ ರೀಲು ತೊಳೆಸುವಷ್ಟರಲ್ಲಿ ಮೊದಲ ಕಂತು ಮುಗಿದಿತ್ತು. ತೊಳೆದ ನೆಗೆಟಿವ್‌ನಿಂದ ಪ್ರಿಂಟು ತೆಗೆದರೆ ಮಾತ್ರ ಚಿತ್ರ ತೆರೆಯ ಮೇಲೆ ಬರುತ್ತದೆ. ಅಷ್ಟರಲ್ಲಿ ಚೀನಾದ ಯುದ್ಧ ಬಂತು, ಸಹಾಯಧನ ನಿಂತಿತು. ತಮ್ಮ ಬೆಂಗಳೂರಿಗೆ ಓಡಿದ. "ದೇಶ ಕಷ್ಟದಲ್ಲಿರುವಾಗ ನಿಮಗೆ ಸಿನೆಮಾನೇನ್ರೀ?" ಎಂದು ಅಧಿಕಾರಿ ನಿಲ್ಲಿಸಿಯೇ ಮಾತಾಡಿ ಕಳಿಸಿದನಂತೆ. ಸೈನಿಕರಿಗೆ ಬೂಟು ಬೇಕು, ಒಪ್ಪಿದೆ. ನಾನೂ ನನ್ನ ಬಳೆ ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟವಳೇ. ಆದರೆ ಯುದ್ಧ ಮುಗಿದ ಮೇಲೂ ನಿಂತದ್ದು ನಿಂತೇ ಹೋಯಿತು. ಮೇಲಿನವರು ಕೊಡುವ ಎಂದರೆ ಕೆಳಗಿನವರು ನೋಡುವ ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ತಮ್ಮನಂತೆಯೇ ಅರ್ಧ ದಾರಿಯಲ್ಲಿ ಸರಕಾರ ಕೈಬಿಟ್ಟವರು ಇನ್ನೂ ಎಷ್ಟೋ ಮಂದಿ ಇದ್ದರಂತೆ. ಅವರ ಚಿತ್ರಗಳನ್ನು ಯಾರೂ ನೋಡಲಿಲ್ಲವಾದ್ದರಿಂದ ಯಾರಿಗೂ ನಷ್ಟವೆನಿಸಲಿಲ್ಲ. ನನಗೆ ಈಗಲೂ ಸಿಟ್ಟು ಬರುತ್ತದೆ.

ರೀಲಿನ ಡಬ್ಬಿಗಳು ನಮ್ಮ ಅಕ್ಕಿ ಪೆಟ್ಟಿಗೆಯ ಪಕ್ಕದಲ್ಲಿ ತಣ್ಣಗೆ ಕೂತವು. ಕಮಲಾಕ್ಷ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿದ. ಸೇಸಮ್ಮ ಆಗಾಗ ಬಸ್ಸು ಹತ್ತಿ ಬಂದು, "ಸಿನೆಮಾ ಆಯ್ತಾ ಅಣ್ಣ?" ಎನ್ನುತ್ತಿದ್ದಳು. "ಬರುವ ವರ್ಷ ಸೇಸಮ್ಮ" ಎನ್ನುತ್ತಿದ್ದ ಇವನು. ಸುಳ್ಳಲ್ಲ, ಅವನು ಹಾಗೆಯೇ ನಂಬಿದ್ದ.

ಅರವತ್ತಾರರಲ್ಲಿ ಒಂದು ಬೆಳಿಗ್ಗೆ ಬಂದವಳು ಸಿನೆಮಾದ ಸುದ್ದಿ ಎತ್ತಲಿಲ್ಲ. ಜಗಲಿಯಲ್ಲಿ ಕೂತು, "ಟೀಚರೇ, ಅವಳ ಮುಖ ಮರೆತು ಹೋಗ್ತಾ ಉಂಟು. ಮೂಗು ನೆನಪಾಗ್ತದೆ, ಕಿವಿ ನೆನಪಾಗ್ತದೆ. ಎಲ್ಲ ಒಟ್ಟಿಗೆ ಬರುವುದಿಲ್ಲ" ಎಂದು ಅತ್ತಳು.

ಕಮಲಾಕ್ಷ ಒಳಗೆ ಹೋಗಿ ಒಂದು ಡಬ್ಬಿ ತಂದ. ನಗುವ ಮುಖವನ್ನು ಹತ್ತಿರದಿಂದ ತೆಗೆದ ಜಾಗ ಹುಡುಕಿ, ರೀಲನ್ನು ಬಿಸಿಲಿಗೆ ಹಿಡಿದು, ಅವಳ ಕೈಗೆ ನನ್ನ ಭೂತಗನ್ನಡಿ ಕೊಟ್ಟ. ನೆಗೆಟಿವ್‌ನಲ್ಲಿ ಎಲ್ಲ ತಿರುವುಮುರುವು; ಬಿಳಿಯದು ಕಪ್ಪು, ಕಪ್ಪಿನದು ಬಿಳಿ. ಸೇಸಮ್ಮ ಬಹಳ ಹೊತ್ತು ನೋಡಿದಳು.

"ಅಯ್ಯೋ, ಇವಳೇ! ಅದೇ ನಗು. ತಲೆ ಎಲ್ಲ ಬೆಳ್ಳಗಾಗಿದೆಯಲ್ಲ! ಮುದುಕಿಯಾಗಿದ್ದಾಳೆ."

"ಅದು ಹಾಗಲ್ಲ ಸೇಸಮ್ಮ" ಎಂದ ತಮ್ಮ. "ಪ್ರಿಂಟಿನಲ್ಲಿ ಕೂದಲು ಕಪ್ಪೇ ಬರ್ತದೆ. ಮಂಗಳೂರಿನ ಸ್ಟುಡಿಯೋದಲ್ಲಿ ಇದರದ್ದೊಂದು ಫೋಟೊ ಮಾಡಿಸಿ ಕೊಡ್ತೇನೆ."

"ಬೇಡ ಅಣ್ಣ. ಹದಿನಾರರ ಹುಡುಗಿಯನ್ನು ಮಣ್ಣಿಗೆ ಕೊಟ್ಟು ಬಂದವಳಲ್ಲವಾ ನಾನು? ನನಗೆ ಇವಳು ಸಾಕು. ಇವಳಿಗೆ ನನಗಿಂತ ಹೆಚ್ಚು ಪ್ರಾಯವಾಗಿದೆ. ಇದರಲ್ಲೇ ಒಂದು ತುಂಡು ಕೊಡ್ತೀರಾ?"

ನೆಗೆಟಿವ್ ಕತ್ತರಿಸಿದರೆ ಅವನ ಸಿನೆಮಾದಲ್ಲಿ ಆ ನಗು ಇರುವುದಿಲ್ಲ. ಆ ನಗು ಇಲ್ಲದಿದ್ದರೆ ಸಿನೆಮಾವೇ ಇಲ್ಲ. ಅದು ನನಗೂ ಗೊತ್ತಿತ್ತು. ಬೇಡ ಮಾರಾಯ ಎಂದು ನಾನು ಬಾಯಿ ತೆರೆಯುವುದರೊಳಗೆ ಅವನು ಕೈ ಚಾಚಿದ. "ಅಕ್ಕ, ಕತ್ತರಿ ಕೊಡು."

ಕೊಟ್ಟೆ. ಸೇಸಮ್ಮ ಆ ತುಂಡನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಂಟ್ವಾಳದ ಬಸ್ಸಿಗೆ ಹೊರಟಳು. ಅವಳು ಗೇಟು ದಾಟಿದ ಮೇಲೆ ನನ್ನ ತಮ್ಮ ಕತ್ತರಿ ಹಿಡಿದುಕೊಂಡೇ ಜಗಲಿಯಲ್ಲಿ ಕೂತು ಅತ್ತ. ಇಷ್ಟು ವರ್ಷಗಳಲ್ಲಿ ಅವನು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.