ಒಳಗಿನ ಚಿಲಕ

ಫೋರ್‌ಮನ್ ಟೇಪು ಹಿಡಿದು ಅವಳ ಗಂಡನನ್ನು ತಲೆಯಿಂದ ಕಾಲಿನವರೆಗೆ ಅಳೆಯುತ್ತಿದ್ದ. ಟೇಪಿನ ಇನ್ನೊಂದು ತುದಿ ಅಳಿಯನ ಕೈಯಲ್ಲಿತ್ತು. ಮಂಚದ ಪಕ್ಕ ಕೂತಿದ್ದ ಅವಳಿಗೆ ಇಬ್ಬರೂ ಸ್ವಲ್ಪ ಸರಿಯಿರಿ ಅಂದರು. ಬೆಳಗಿನಿಂದ ಅವಳು ಸರಿಯುತ್ತಲೇ ಇದ್ದಳು. ಈಗ ಬೆನ್ನು ಗೋಡೆಗೆ ತಾಗಿತ್ತು.

"ಓರೆಯಾಗಿ ಮಲಗಿಸಿದರೆ ಹಿಡಿಸುತ್ತೆ," ಅಂದ ಫೋರ್‌ಮನ್.

ಹಿಡಿಸಬೇಕಾಗಿದ್ದು ಕಾರ್ಖಾನೆಯ ಹಳೇ ವ್ಯಾನಿನಲ್ಲಿ. ಗುಂಡು ನಾಟದ ಗಾಡಿಗಳನ್ನು ಮಾಡುವ ಕಾರ್ಖಾನೆ ಅದು. ಮೊದಲು ಲಾರಿಗೆ ಬಾಡಿ ಕಟ್ಟುವ ತಗಡಿನ ಶೆಡ್ಡಾಗಿತ್ತು. ಯಾವುದೋ ಬ್ಯಾಂಕಿನ ವ್ಯಾನನ್ನು ಕಳ್ಳರು ಹೆದ್ದಾರಿಯಲ್ಲಿ ದೋಚಿದ ಮೇಲೆ ಆ ಬ್ಯಾಂಕಿನವರು ಬಂದು ಗಟ್ಟಿಮುಟ್ಟಾದ ಗಾಡಿಯೊಂದನ್ನು ಮಾಡಿಸಿಕೊಂಡರು. ಅವರು ಅದನ್ನು ಗುಜರಿಗೆ ಹಾಕಿದಾಗ ಮಾಲೀಕರು ವಾಪಸು ತಂದು ಗೇಟಿನ ಬಳಿ ನಿಲ್ಲಿಸಿದರು. ಶೆಡ್ಡಿನ ಕಾಲದವರು ಯಾರು ತೀರಿಕೊಂಡರೂ ಸ್ಮಶಾನಕ್ಕೆ ಹೋಗುವುದು ಅದರಲ್ಲೇ. ಅದಕ್ಕೆ ಬಾಗಿಲು ಕೂರಿಸಿದವನು ಇವಳ ಗಂಡ. ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದೇ ಬಾಗಿಲಣ್ಣ ಅಂತ.

ಅವಳಿಗೆ ಬೇಕಾಗಿದ್ದು ಒಂದೇ. ಅವನ ಹತ್ತಿರ ಒಂದು ಗಳಿಗೆ ಒಬ್ಬಳೇ ಕೂರಬೇಕಿತ್ತು. ಹೇಳುವುದಿತ್ತು, ಬೈಯುವುದು ಅದಕ್ಕಿಂತ ಜಾಸ್ತಿ ಇತ್ತು. ಆದರೆ ಕಾರ್ಖಾನೆಯ ಜನ ಬಿಟ್ಟರೆ ತಾನೆ! ಒಬ್ಬರು ಎದ್ದರೆ ಇನ್ನೊಬ್ಬರು ಕೂರುತ್ತಿದ್ದರು. ಮಂತ್ರಿಗಳ ಕಾರು ಮಾಡಿದ್ದು, ಎಲ್ಲಿಯದೋ ಯುದ್ಧಕ್ಕೆ ಗಾಡಿ ಕಳಿಸಿದ್ದು, ಮಾಲೀಕರ ಮಕ್ಕಳು ಕಂಪನಿಯನ್ನು ಮಾರಿ ಕೈತೊಳೆದುಕೊಂಡಿದ್ದು, ಈಗ ಬಾಗಿಲನ್ನು ಯಂತ್ರವೇ ಎತ್ತಿ ಕೂರಿಸುವುದು, ಎಲ್ಲವನ್ನೂ ಹೆಣದ ತಲೆಯ ಮೇಲೆಯೇ ಮಾತಾಡಿಕೊಂಡರು. ಗಾಜಿನ ವಿಭಾಗದ ಮುದುಕನಂತೂ ಕಣ್ಣೊರೆಸಿಕೊಳ್ಳುತ್ತ ಅವಳ ಹತ್ತಿರ ಬಂದ.

"ನಿಮ್ಮ ಯಜಮಾನರು ಮಾತಿಗೆ ಕೂತರೆ ಮುಗೀತಮ್ಮ. ಊಟದ ಹೊತ್ತು ಮೀರಿದ್ದೇ ಗೊತ್ತಾಗ್ತಿರಲಿಲ್ಲ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮನೆಯಲ್ಲಿ ಆ ಬಾಯಿಗೆ ಏನಾಗಿತ್ತು?

*

ಮಗಳ ಮದುವೆಯ ದಿನ. ಎರಡನೇ ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ ಕಾರ್ಖಾನೆಯಿಂದ ಫೋನು ಬಂತು. ಯಾವುದೋ ದೊಡ್ಡ ಮನುಷ್ಯರ ಗಾಡಿಯ ಬಾಗಿಲು ಮುಚ್ಚುತ್ತಿಲ್ಲವಂತೆ. ಅವನು ಹೊಸ ಅಂಗಿಯಲ್ಲೇ ಹೊರಟ. ಬೀಗರು ಹುಡುಗಿಯ ಅಪ್ಪ ಎಲ್ಲಿ ಅಂತ ಕೇಳಿದಾಗಲೆಲ್ಲ ಅವಳು ಇಲ್ಲೇ ಇದ್ದರಲ್ಲ ಅಂತ ಸುಳ್ಳು ಹೇಳಿ ಹೇಳಿ ಸಾಕಾದಳು. ಮಗಳು ಗಂಡನ ಮನೆಗೆ ಹೊರಟೂ ಹೋದಳು. ಆಮೇಲೆ ಬಂದ, ಎದೆಯ ಮೇಲೆಲ್ಲ ಗ್ರೀಸು.

ಅಂಥಾದ್ದು ಏನಿತ್ತು ಅಲ್ಲಿ ಅಂತ ಅವಳು ಕೇಳಿದಳು. ಹೊರಗೆ ಹೇಳುವ ಹಾಗಿಲ್ಲ, ಸಹಿ ಹಾಕಿ ಕೊಟ್ಟಿದ್ದೇನೆ ಅಂದ. ಹೊರಗಿನವಳಾ ನಾನು ಅಂತ ಕೇಳಿದ್ದಕ್ಕೆ ಅಂಗಿ ಬಿಚ್ಚುತ್ತ, "ನಾಳೆ ಮಾತಾಡೋಣ ಕಣೇ," ಅಂದ. ಆ ನಾಳೆ ಬರಲಿಲ್ಲ. ಪಿಂಚಣಿ ಬಂದ ಮೇಲೂ ದಿನಾ ಕಾರ್ಖಾನೆಯ ಗೇಟಿಗೆ ಹೋಗಿ ಕೂರುತ್ತಿದ್ದ. ನಿನ್ನೆ ರಾತ್ರಿ ಅವಳು ಮತ್ತೆ ಕೇಳಿದಾಗಲೂ ಅದೇ ಉತ್ತರ ಕೊಟ್ಟು ಮಗ್ಗುಲಾದವನು ಏಳಲಿಲ್ಲ.

*

ಹೆಣ ಮಲಗಿಸಿದ ಹಲಗೆಯನ್ನು ವ್ಯಾನಿನೊಳಗೆ ಓರೆಯಾಗಿ ಸರಿಸಿದರು. ಫೋರ್‌ಮನ್ ತಾನೂ ಹತ್ತಲು ಕಾಲು ಎತ್ತಿದ. ಆ ಬಾಗಿಲಿಗೆ ಚಿಲಕ ಇರುವುದು ಒಳಗೆ ಮಾತ್ರ. ಕಳ್ಳರು ಡ್ರೈವರನ ಕುತ್ತಿಗೆ ಹಿಡಿದರೂ ಹೊರಗಿನಿಂದ ತೆಗೆಯಲು ಬರಬಾರದು ಅಂತ ಹಾಗೆ ಮಾಡಿದ್ದು. ಹೆಣದ ಜೊತೆ ಯಾರಾದರೂ ಕೂತು ಚಿಲಕ ಹಾಕಿಕೊಳ್ಳಲೇಬೇಕು. ಅಲ್ಲಿ ಒಬ್ಬರಿಗಷ್ಟೇ ಜಾಗ.

"ನೀವು ಸರಿಯಿರಿ," ಅಂದಳು ಅವಳು. "ನಾನು ಕೂರ್ತೀನಿ."

"ಬೇಡ ಅತ್ತಿಗೆ, ಸೆಖೆ. ಬಾಗಿಲೂ ಆನೆ ಭಾರ. ಇದು ಯಾವಾಗಲೂ ಕಾರ್ಖಾನೆಯವರೇ..."

"ಇಷ್ಟು ವರ್ಷ ಕಾರ್ಖಾನೆಯವರೇ ಕೂತಿದ್ದು ಸಾಕು."

ಅಮ್ಮಾ, ಹಟ ಮಾಡಬೇಡ ಅಂತ ಮಗಳು ಕೈ ಹಿಡಿದಳು. ಅವಳು ಕೈ ಬಿಡಿಸಿಕೊಂಡು ಹತ್ತಿಯೇಬಿಟ್ಟಳು. ಬಾಗಿಲನ್ನು ಎಳೆದರೆ ತೊಟ್ಟಿಲು ತೂಗಿದಷ್ಟು ಹಗುರವಾಗಿ ಬಂತು. ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಮನೆಯ ಬಚ್ಚಲ ಬಾಗಿಲು ನೆಲ ಕೆರೆಯಲು ಶುರುವಾಗಿ ಎಷ್ಟು ಕಾಲವಾಯಿತು! ಚಿಲಕ ಹಾಕಿದಳು. ಹೊರಗಿನ ಗದ್ದಲ ಕತ್ತರಿಸಿದ ಹಾಗೆ ನಿಂತಿತು.

ಗಾಡಿ ಹೊರಟಿತು. ಎಷ್ಟೆಲ್ಲ ಜೋಡಿಸಿಟ್ಟುಕೊಂಡಿದ್ದಳು, ಒಂದೂ ನಾಲಿಗೆಗೆ ಸಿಗಲಿಲ್ಲ. ಗಾಡಿ ಕುಲುಕಿದಾಗ ಅವನ ತಲೆ ವಾಲಿತು, ಸರಿಮಾಡಿದಳು. ಅವನ ಕೂದಲು ಮುಟ್ಟಿದ್ದೇ ತಡ, ಅಳು ಉಕ್ಕಿ ಬಂತು. ಅಷ್ಟರಲ್ಲಿ ಸ್ಮಶಾನ ಬಂದು ಗಾಡಿ ನಿಂತುಬಿಟ್ಟಿತು.

ಬಾಗಿಲಿನ ಅಂಗೈಯಗಲದ ಗಾಜಿನಲ್ಲಿ ಫೋರ್‌ಮನ್ನನ ಮುಖ ಕಾಣಿಸಿತು. ತುಟಿ ಆಡುತ್ತಿತ್ತು, ಸದ್ದಿರಲಿಲ್ಲ. ಮುಷ್ಟಿಯಿಂದ ಗುದ್ದಿದ, ಅದೂ ಕೇಳಲಿಲ್ಲ. ಅವಳ ಕೈ ಚಿಲಕದವರೆಗೆ ಹೋಯಿತು. ಅಲ್ಲಿಂದ ವಾಪಸು ಬಂದು ಸೆರಗಿನಿಂದ ಮೂಗು ಒರೆಸಿಕೊಂಡಿತು. ಅವಳು ಹಲಗೆಯ ಪಕ್ಕ ಚಕ್ಕಳಮಕ್ಕಳ ಹಾಕಿ ಸರಿಯಾಗಿ ಕೂತಳು.

"ರೀ," ಅಂದಳು. "ಮದುವೆ ದಿನದಿಂದಲೇ ಶುರುಮಾಡ್ತೀನಿ."

ಹೊರಗೆ ಮಗಳು, ಅಳಿಯ, ಗಾಜಿನ ಮುದುಕ, ಆ ಗಾಡಿಯನ್ನು ಕಟ್ಟಿದವರೆಲ್ಲ, ಒಬ್ಬೊಬ್ಬರಾಗಿ ಬಂದು ಗಾಜಿಗೆ ಹಣೆ ಒತ್ತಿ ಇಣುಕಿ ಹೋಗುತ್ತಿದ್ದರು. ಒಳಗೆ ಅವಳು ಒಂದೊಂದೇ ಬೆರಳು ಮಡಿಸುತ್ತ ಅವನಿಗೆ ಹೇಳುತ್ತಲೇ ಇದ್ದಳು.