ಲೇಸಿಗೊಂದು ಎಡಗೈ

ಹೆಬ್ಬಾವಿನ ಆ ಮರಿ ಬೂಟಿನ ಲೇಸಿನಷ್ಟು ತೆಳ್ಳಗಿದೆಯೆಂದು ನೆರೀಡಾ ಅದಕ್ಕೆ ಲೇಸ್ ಎಂದೇ ಹೆಸರಿಟ್ಟಿದ್ದಳು. ಅವಳ ಗಂಡ ಗ್ರಾಂಟ್‌ಗೆ ಮಾತ್ರ ಅದರಿಂದ ಯಾವ ಲೇಸೂ ಆಗಿರಲಿಲ್ಲ. ವಿಷವಿಲ್ಲ, ನಿಜ, ಆದರೆ ಹಲ್ಲಿತ್ತು, ಸಿಟ್ಟಿತ್ತು. ನೆರೀಡಾಗೆ ಲಕ್ವ ಹೊಡೆದು ಎಡಗೈ ಬಿದ್ದುಹೋಗಿ, ಆಸ್ಪತ್ರೆ ಸೇರಿದ ಆರು ವಾರಗಳಲ್ಲಿ ಅದು ಅವನ ಹತ್ತೂ ಬೆರಳಿಗೆ ರುಜು ಹಾಕಿತ್ತು. ಹೆಸರು ಗ್ರಾಂಟ್ ಆದರೇನು, ಧೈರ್ಯ ಮಂಜೂರಾಗಿರಲಿಲ್ಲ.

"ಒಂದು ಕೈಲಿ ಹಾವು ಸಾಕೋಕಾಗುತ್ತಾ? ಎಲ್ಲಾ ಕೊಟ್ಬಿಡು," ಎಂದು ಅವಳು ಫೋನಿನಲ್ಲಿ ಹೇಳಿದ್ದಳು. ಇಪ್ಪತ್ತು ವರ್ಷ ಹಾವು ಸಾಕಿದವಳು! ಉಳಿದ ಹಾವುಗಳೆಲ್ಲ ಹೋದವು. ಲೇಸನ್ನು ಒಯ್ಯಲು ಭಾನುವಾರ ಟೌನ್ಸ್‌ವಿಲ್ ಪಟ್ಟಣದಿಂದ ಜನ ಬರುವವರಿದ್ದರು. ಅಷ್ಟರೊಳಗೆ ಪಳಗಿಸಿ ಅವಳ ಕೈಗಿಟ್ಟರೆ ಮನಸ್ಸು ಬದಲಾಯಿಸಿಯಾಳು ಎಂದು ಗ್ರಾಂಟ್ ದಿನವೂ ಹೆಣಗಿದ್ದ. ಇದನ್ನೂ ಕೈಬಿಟ್ಟರೆ ಅವಳು ತನ್ನನ್ನು ತಾನೇ ಕೈಬಿಟ್ಟಾಳೆಂಬ ಭಯ ಅವನಿಗೆ.

ಶನಿವಾರ ನೆರೀಡಾ ಮನೆಗೆ ಬಂದು ವರಾಂಡದ ಕುರ್ಚಿಯಲ್ಲಿ ಕೂತಳು. ಗ್ರಾಂಟ್ ಲೇಸ್ ಇದ್ದ ಡಬ್ಬಿಯನ್ನು ಅವಳ ಮುಂದಿಟ್ಟು, ತೆರೆದು ಕೈ ಚಾಚಿದ. ಲೇಸ್ ಕತ್ತು ಮಡಿಸಿತು. ಠಪ್!

"ಅಯ್ಯಯ್ಯಪ್ಪಾ!" ಕೈ ಹೊರಗೆ, ಡಬ್ಬಿಗೆ ಮುಚ್ಚಳ.

"ದಿನಾ ಹೀಗೇ ಮಾಡ್ತಿದ್ಯಾ?"

"ಇನ್ನೇನ್ ಮಾಡ್ಲಿ? ಇದು ಹಾವಲ್ಲ ಕಣೆ, ಹಾವಳಿ."

ಅವಳ ಬಾಯಿಯ ಒಂದು ಕೊನೆ ಜೋತುಬಿದ್ದಿದ್ದರೂ ಅಣಕಿಸುವ ಕಲೆ ಜೋತುಬಿದ್ದಿರಲಿಲ್ಲ. "'ಅಯ್ಯಯ್ಯಪ್ಪಾ!' ಅಂತ ಪರಾರಿ. ಕಚ್ಚಿದ್ರೆ ಕೈ ಓಡಿಹೋಗುತ್ತೆ ಅಂತ ಆರು ವಾರ ಪಾಠ ಮಾಡಿದ್ದೀರಿ ಮೇಷ್ಟ್ರೇ. ಮರಿ ಜಾಣ, ಕಲ್ತುಬಿಟ್ಟಿದೆ."

ಗ್ರಾಂಟ್‌ನ ಮುಖ ಇಳಿಯಿತು. ಪಳಗಿಸಲು ಹೋಗಿ ತಾನೇ ಕೆಡಿಸಿದ್ದ.

ನೆರೀಡಾ ಮುಚ್ಚಳ ಸರಿಸಿ, ಬಲಗೈಯಿಂದ ಎಡಗೈಯನ್ನು ಒಂದು ಸಾಮಾನಿನಂತೆ ಎತ್ತಿ ಡಬ್ಬಿಯೊಳಗಿಟ್ಟಳು.

"ಬೇಡ ಕಣೆ!"

ಲೇಸ್ ಎರಗಿತು. ಮತ್ತೊಮ್ಮೆ ಎರಗಿತು. ಕೈ ಅಲುಗಲಿಲ್ಲ. ಮೂರನೆಯ ಸಲ ಕತ್ತೆತ್ತಿತು, ಅಷ್ಟೇ. ನಾಲಿಗೆ ಆಡಿಸಿ ಬಹಳ ಹೊತ್ತು ಯೋಚಿಸಿದಂತೆ ಕಂಡಿತು. ಆಮೇಲೆ ಬೆರಳುಗಳ ಸಂದಿಯಲ್ಲಿ ನುಸುಳಿ ಮಣಿಕಟ್ಟಿಗೆ ಸುತ್ತಿಕೊಂಡಿತು.

"ಎಂಥಾ ಗುಂಡಿಗೆನೇ ನಿಂದು!"

ನೆರೀಡಾ ಅಷ್ಟು ಹೊತ್ತೂ ಅಂಗಳದ ಮಾವಿನ ಮರದ ಕಡೆ ನೋಡುತ್ತಿದ್ದಳು. "ಕಚ್ಚಿತಾ?" ಎಂದು ಕೇಳಿದಳು.

ತಮಾಷೆಯೆಂದುಕೊಂಡು ನಗಲು ಹೊರಟವನು ಅವಳ ಮುಖ ನೋಡಿ ಅಲ್ಲೇ ತಡೆದ. ಅವಳ ಮುಂಗೈ ಮೇಲೆ ರಕ್ತದ ಸಣ್ಣ ಸಣ್ಣ ಹನಿ. 'ಇಲ್ಲ' ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು.

"ಎರಡು ಸಲ," ಎಂದ.

ಅವಳು ತಿರುಗಿ, ಪಕ್ಕದ ಮನೆಯವರ ಕೈ ನೋಡುವಂತೆ ನೋಡಿದಳು. "ಸ್ವಲ್ಪನಾದ್ರೂ ಚುರುಕ್ ಅನ್ನುತ್ತೇನೋ ಅಂದ್ಕೊಂಡಿದ್ದೆ."

ಗ್ರಾಂಟ್ ತನ್ನ ಕರವಸ್ತ್ರ ತೆಗೆದು ಅವಳ ತೊಡೆಯ ಮೇಲಿಟ್ಟ.

"ನಾಳೆ ಬರೋರಿಗೆ ಬೇಡ ಅಂತ ಫೋನ್ ಮಾಡು. ಈ ಕೈ ಓಡಿಹೋಗಲ್ಲ. ಅಷ್ಟಾದ್ರೂ ಉಪಯೋಗಕ್ಕೆ ಬರಲಿ."

ಫೋನ್ ತರಲು ಎದ್ದವನು ಬಾಗಿಲಲ್ಲಿ ತಿರುಗಿ ನೋಡಿದ. ಲೇಸ್‌ಗೆ ತಾಗದಂತೆ ಅವಳು ಬಲಗೈ ಉಗುರಿನಿಂದ ಎಡಗೈಯನ್ನು ಚಿವುಟುತ್ತಿದ್ದಳು, ಒಂದೊಂದೇ ಬೆರಳು.