ಫುಟ್‌ಬೋರ್ಡಿನ ಮೇಲೆ ನಿಂತವಳು

"ಆ ದೀಪ ಆರಿಸು, ಗಾರ್ಲಂಡ್. ನೀನು ನಮ್ಮಮ್ಮನ ಮುಂದೆ ಹೋಗೋದು ಬೇಡ."

ಲೊರೀನ್ ಇಷ್ಟು ಹೇಳಿ, ಊರಿನ ಪೊಲೀಸ್ ಮುಖ್ಯಸ್ಥನಾದ ಶೆರೀಫ್ ಗಾರ್ಲಂಡ್‌ನ ಕಾರಿಗೂ ಶವದ ಗಾಡಿಗೂ ನಡುವೆ ನಿಂತುಬಿಟ್ಟಳು. ಅವಳಮ್ಮ ವರ್ಡಾಳ ಪೆಟ್ಟಿಗೆ ಆಗಲೇ ಗಾಡಿ ಸೇರಿತ್ತು. ಹಿಂದೆ ಹದಿನೈದಿಪ್ಪತ್ತು ಕಾರುಗಳು ಮಿಸೌರಿಯ ಜುಲೈ ಬಿಸಿಲಲ್ಲಿ ಬೇಯುತ್ತಿದ್ದವು. ಆ ಊರಲ್ಲಿ ಯಾರೇ ಸತ್ತರೂ ಶೆರೀಫನ ಕಾರು ದೀಪ ಹಾಕಿಕೊಂಡು ಮುಂದೆ ಹೋಗಬೇಕು, ಎದುರಿನ ಗಾಡಿಗಳು ಪಕ್ಕಕ್ಕೆ ಸರಿದು ನಿಲ್ಲಬೇಕು. ಕುಡಿದು ಸತ್ತವನಿಗೂ ಈ ಮರ್ಯಾದೆ ತಪ್ಪಿದ್ದಿಲ್ಲ. ಊರಿನ ಮದುವಣಗಿತ್ತಿಯರಿಗೆಲ್ಲ ಬಟ್ಟೆ ಹೊಲಿದುಕೊಟ್ಟ ವರ್ಡಾಗೆ ಯಾಕೆ ಬೇಡ ಎಂದು ಗಾರ್ಲಂಡ್‌ಗೆ ಹೊಳೆಯಲಿಲ್ಲ. ದೀಪದ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತ.

ಚರ್ಚಿನ ಮೆಟ್ಟಿಲ ಬಳಿ ಪ್ರೆಸ್ಟನ್ ನಿಂತಿದ್ದ. ಬ್ಯಾಂಕ್ ದರೋಡೆಕೋರರಿಗೂ ಪೊಲೀಸರಿಗೂ ನಡೆದ ಹಳೆಯ ಕಾಳಗಗಳ ಬಗ್ಗೆ ಟೀವಿಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದವನು. ವಸಂತದಲ್ಲಿ ಬಂದು ವರ್ಡಾಳ ಜೊತೆ ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕೂತಿದ್ದ. ಅವಳು ಏನು ಹೇಳಿದಳೋ ಎಂದು ಊರಿಗೆ ಅಂದಿನಿಂದಲೂ ತಳಮಳ.

* * *

ಮೂವತ್ತರ ದಶಕ, ಕೆಲಸವಿಲ್ಲದೆ ಊರೂರೇ ಹಸಿದಿದ್ದ ಕಾಲ. ವರ್ಡಾಗೆ ಹತ್ತೊಂಬತ್ತು, ಬ್ಯಾಂಕಿನಲ್ಲಿ ಗುಮಾಸ್ತೆ. ದರೋಡೆಕೋರರು ಹೊರಡುವಾಗ ಅವಳನ್ನೂ ಮ್ಯಾನೇಜರನನ್ನೂ ಕಾರಿನ ಹೊರಗೆ, ಎರಡು ಬದಿಯ ಬಾಗಿಲ ಕೆಳಗಿನ ಫುಟ್‌ಬೋರ್ಡಿನ ಮೇಲೆ ಹತ್ತಿಸಿ, ಕಿಟಕಿ ಹಿಡಿದುಕೊಳ್ಳಿ ಎಂದರು. ಸ್ವಂತ ಊರಿನವರು ಅಡ್ಡ ನಿಂತಿದ್ದರೆ ಯಾವ ಪೊಲೀಸನೂ ಗುಂಡು ಹಾರಿಸುವುದಿಲ್ಲವೆಂಬುದು ಆಗಿನ ದರೋಡೆಕೋರರ ಲೆಕ್ಕ. ಸೇತುವೆಯ ಹತ್ತಿರ ಆ ಲೆಕ್ಕ ತಪ್ಪಿತು. ವರ್ಡಾಳ ಸೊಂಟಕ್ಕೆ ಗುಂಡು ಬಿತ್ತು. ಇಬ್ಬರನ್ನೂ ಜೋಳದ ಹೊಲದ ಬದುವಿನಲ್ಲಿ ಇಳಿಸಿ ಅವರು ಹೋದರು.

ಕಳ್ಳರ ಗುಂಡು ಎಂದಿತು ಊರು. ಅವಳು ಅಲ್ಲವೆನ್ನಲಿಲ್ಲ. ಕುಂಟುತ್ತಲೇ ಕ್ಷೌರದಂಗಡಿಯವನನ್ನು ಮದುವೆಯಾದಳು, ಕುಂಟುತ್ತಲೇ ಮಗಳನ್ನು ಸಾಕಿದಳು. ಪೊಲೀಸ್ ಕ್ಲೀಟಸ್ ಚಳಿಗಾಲಕ್ಕೊಮ್ಮೆ ಸೌದೆ ತಂದು ಹಿತ್ತಿಲಲ್ಲಿ ಇಳಿಸಿ, ಒಳಗೆ ಬಾರದೆ ಹೋಗುತ್ತಿದ್ದ. ಎಂಥ ಒಳ್ಳೆಯವನು ಎಂದುಕೊಂಡೇ ಲೊರೀನ್ ಬೆಳೆದಳು. ಕಳೆದ ವಾರ ಆಸ್ಪತ್ರೆಯಲ್ಲಿ ವರ್ಡಾ, ಮಳೆ ಬರುವ ಹಾಗಿದೆ ಎನ್ನುವ ದನಿಯಲ್ಲಿ, ಗುಂಡು ಕ್ಲೀಟಸ್‌ನದು ಎಂದಳು.

ಕ್ಲೀಟಸ್ ತೀರಿಕೊಂಡು ಬಹಳ ಕಾಲವಾಗಿದೆ. ಗಾರ್ಲಂಡ್ ಅವನ ಮಗ.

* * *

ಓಪಲ್ ಚಿಕ್ಕಮ್ಮ ಬೀಸಣಿಗೆ ಬೀಸಿಕೊಳ್ಳುತ್ತ ಕಾರಿಳಿದು ಬಂದಳು. ಹೆಣವನ್ನು ಬಿಸಿಲಲ್ಲಿ ಕಾಯಿಸುವುದೇನು, ಚರ್ಚಿನಲ್ಲಿ ಊಟ ಬೇರೆ ಆರಿಹೋಗುತ್ತಿದೆ ಎಂದು ಗೊಣಗಿದಳು. ಲೊರೀನ್ ಅವಳ ಕಿವಿಯಲ್ಲಿ ಕಾರಣ ಹೇಳಿದಳು. ಆಕೆಗೆ ಆಶ್ಚರ್ಯವೇ ಆಗಲಿಲ್ಲ.

"ಅದು ಊರಿಗೆಲ್ಲ ಗೊತ್ತಿತ್ತು ಕಣೆ. ಕ್ಲೀಟಸ್‌ನ ಗುಂಡು ಅಂತ ಗೊತ್ತಿಲ್ದೆ ಇದ್ದದ್ದು ನಿನಗೆ, ಈ ಗಾರ್ಲಂಡ್‌ಗೆ. ಮಕ್ಕಳ ಕಿವಿಗೆ ಬೀಳ್ಬಾರ್ದು ಅಂತ ನಿಮ್ಮಮ್ಮನೇ ಎಲ್ಲರ ಬಾಯಿ ಮುಚ್ಚಿಸಿದ್ಲು."

ಚಿಕ್ಕಮ್ಮನ ಪಿಸುಮಾತು ಬೇರೆಯವರ ಕೂಗಿಗೆ ಸಮ. ಗಾರ್ಲಂಡ್ ಕಾರಿನಿಂದ ಇಳಿದ. ಲೊರೀನ್ ಅವನತ್ತ ನೋಡದೆ, ಅಮ್ಮ ಹೇಳಿದ್ದನ್ನು ಎಲ್ಲರೆದುರು ಹೇಳಿ ಎಂದು ಪ್ರೆಸ್ಟನ್‌ಗೆ ಹೇಳಿದಳು. ಚಿತ್ರದಲ್ಲಿ ಅವರು ಹೇಳಿರುವುದು ಕಾರು ಓಡುವಾಗ ಗಾಳಿ ಬೀಸಿದ್ದು, ತಮ್ಮ ಟೋಪಿ ಹಾರಿಹೋದದ್ದು ಅಷ್ಟೇ, ಆಮೇಲೆ ಕ್ಯಾಮೆರಾ ನಿಲ್ಲಿಸಲು ಹೇಳಿದರು ಎಂದ ಅವನು.

"ನಿಲ್ಲಿಸಿದ್ಮೇಲೆ?"

ಪ್ರೆಸ್ಟನ್ ಗಾರ್ಲಂಡ್‌ನನ್ನು ಒಮ್ಮೆ ನೋಡಿದ.

"ಸೇತುವೆ ಹತ್ರ ನಡುರಸ್ತೇಲಿ ಬಂದೂಕು ಹಿಡ್ಕೊಂಡು ಕ್ಲೀಟಸ್ ನಿಂತಿದ್ದ ಅಂದ್ರು. ಹಿಂದಿನ ಶನಿವಾರ ನನ್ನ ಜೊತೆ ಡ್ಯಾನ್ಸ್ ಮಾಡಿದ್ದ, ಅವನ ಮುಖ ಕಂಡು ಭಯವೇ ಹೋಯ್ತು, ಕೈ ಬೀಸಿದೆ, ಆಗ್ಲೇ ಗುಂಡು ಬಿತ್ತು ಅಂದ್ರು."

ಗಾರ್ಲಂಡ್ ಟೋಪಿ ತೆಗೆದ. ದೀಪ ಆರಿಸಿ, ಕಾರನ್ನು ಪಕ್ಕಕ್ಕೆ ಸರಿಸಿ, ಸೊಂಟದ ಪಿಸ್ತೂಲು ಬಿಚ್ಚಿ ಸೀಟಿನ ಮೇಲಿಟ್ಟ. ಬೀದಿಗುಂಟ ನಡೆದುಹೋದ.

ಹಟ ಗೆದ್ದರೂ ಲೊರೀನ್‌ಗೆ ಸಮಾಧಾನವಿರಲಿಲ್ಲ. ಗಾಡಿಗಳು ಹೊರಟಾಗ ಶವದ ಗಾಡಿಯ ಹಿಂದಿನ ಕಾರಿನಲ್ಲಿ ಕೂತು ಕೈಚೀಲ ತೆಗೆಯುತ್ತ ಮುಚ್ಚುತ್ತ ಇದ್ದಳು. ಹೆದ್ದಾರಿ ದಾಟದೆ ಸ್ಮಶಾನಕ್ಕೆ ದಾರಿಯಿಲ್ಲ, ಶೆರೀಫನ ದೀಪವಿಲ್ಲದೆ ಲಾರಿಗಳು ನಿಲ್ಲುವುದಿಲ್ಲ ಎಂದು ಆಗ ಹೊಳೆಯಿತು.

ಹೆದ್ದಾರಿಯ ಎರಡೂ ಕಡೆ ಧಾನ್ಯದ ಲಾರಿಗಳು ಸಾಲಾಗಿ ನಿಂತಿದ್ದವು. ನಡುರಸ್ತೆಯಲ್ಲಿ ಗಾರ್ಲಂಡ್ ಬರಿತಲೆಯಲ್ಲಿ, ಎರಡೂ ಕೈ ಚಾಚಿ ನಿಂತಿದ್ದ. ಒಬ್ಬ ಲಾರಿಯವನು ಹಾರ್ನ್ ಒತ್ತಿ ಬೈದರೂ ಕದಲಲಿಲ್ಲ. ವರ್ಡಾಳ ಗಾಡಿ ಅವನ ಪಕ್ಕದಿಂದ ನಿಧಾನವಾಗಿ ಸಾಗಿತು. ಲೊರೀನ್ ಗಾಜು ಇಳಿಸಿದಳು. ಅವಳ ಕೈ ಹೊರಗೆ ಬಂದು, ಬೀಸುವುದೋ ಬೇಡವೋ ತಿಳಿಯದೆ, ಅರ್ಧಕ್ಕೆ ನಿಂತಿತು.